ಸಾಬೂನು ಪುಡಿಯ ಹೆಸರಿನ ಕಣ

ಭೋರ್
8 ಸೆಪ್ಟೆಂಬರ್ 2024

ಅಪ್ಪನವರಿಗೆ, ರೇಣುವಿನ ನಮಸ್ಕಾರ.

ಹೋದ ಭಾನುವಾರ ನಾನು ಮನೆಗೆ ಬಂದಾಗ ನೀವು ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿರಿ. ಅವ್ವ, “ಈಗರೆ ನಿದ್ದಿ ಹತ್ತೇದ, ಎಬ್ಬಸಬ್ಯಾಡ” ಅಂದಳು. ನಿಮ್ಮ ಕಾಲಬೆರಳು ಅಲ್ಲಾಡುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನಿದ್ದೆ ಹತ್ತಿರಲಿಲ್ಲ.

ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಿರಿ ಎಂದರೆ ದಪ್ಪ ಬೆರಳುಗಳನ್ನು ಎತ್ತಿ ತೋರಿಸುತ್ತೀರಿ. ಇಲ್ಲಿಯಂತೂ ಮೊಬೈಲನ್ನು ಗೇಟಿನಲ್ಲೇ ಒಪ್ಪಿಸಿ ಒಳಗೆ ಬರಬೇಕು, ಅದರ ತರಂಗಗಳು ನಮ್ಮ ಯಂತ್ರದ ಕಿವಿ ಕೆಡಿಸುತ್ತವೆ. ಆದ್ದರಿಂದ ಈ ಕಾಗದ. ಇದನ್ನು ಓದುವಾಗಲಾದರೂ ನೀವು ಗೋಡೆಯ ಕಡೆ ತಿರುಗಲಾರಿರಿ.

ಜೂನ್ ತಿಂಗಳಲ್ಲಿ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದಾಗ ನೀವು ಬೇಡ ಅಂದಿರಿ. ಅವ್ವ ಅತ್ತಳು. ಮಾಂತು ಅಣ್ಣ ನೆಲ ನೋಡುತ್ತ ಕುಳಿತ. ಹಟ ಹಿಡಿದವಳು ನಾನೊಬ್ಬಳೇ. ಗಂಟಲಿನ ಗಡ್ಡೆ ಹೋಯಿತು, ನೀವು ಉಳಿದಿರಿ, ದನಿ ಉಳಿಯಲಿಲ್ಲ. ರವಿವಾರ ಪೇಠೆಯಲ್ಲಿ ನಮ್ಮ ಸೀರೆ ಅಂಗಡಿಯ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ “ಯಾ ತಾಯಿ, ಬಸಾ” ಎಂದೂ, ನಮ್ಮ ಕಡೆಯವರು ಕಂಡರೆ “ಬರ್ರಿ ಅಕ್ಕಾರ, ಇಳಕಲ್ ಬಂದಾವು” ಎಂದೂ ನೀವು ಕರೆಯುತ್ತಿದ್ದ ದನಿ ಅದು. ಆ ಬಗ್ಗೆ ನೀವು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನುವುದಕ್ಕೆ ಆಗುವುದಿಲ್ಲ ಎಂದಲ್ಲ. ಪಾಟಿ ಇತ್ತು, ಬಳಪ ಇತ್ತು.

ಭೋರಿನ ಆ ಬೆಟ್ಟದಲ್ಲಿ ಏನು ಮಾಡುತ್ತೀ ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು “ಫಿಜಿಕ್ಸ್” ಎಂದು ಮುಗಿಸುತ್ತಿದ್ದೆ. ಈಗ ಸರಿಯಾಗಿ ಹೇಳುತ್ತೇನೆ. ಸೀರೆ ಬಿಚ್ಚಿದರೆ ನೂಲು, ನೂಲು ಬಿಚ್ಚಿದರೆ ಎಳೆ. ಎಳೆಯನ್ನೂ ಬಿಚ್ಚುತ್ತ ಹೋದರೆ ಪರಮಾಣು, ಅದರೊಳಗೆ ಎಲೆಕ್ಟ್ರಾನು, ಕ್ವಾರ್ಕು. ಅಲ್ಲಿಂದ ಮುಂದೆ ಬಿಚ್ಚಲು ಯಾರಿಂದಲೂ ಆಗಿಲ್ಲ. ಅವನ್ನು ಮೂಲಕಣ ಅನ್ನುತ್ತೇವೆ. ಬೆಳಕಿನ ಕಣವನ್ನೂ ಸೇರಿಸಿದರೆ ಇಲ್ಲಿಯವರೆಗೆ ಹದಿನೇಳು ಬಗೆ ಸಿಕ್ಕಿವೆ. ಇರಬೇಕು ಎಂದು ಸಿದ್ಧಾಂತ ಹೇಳುವ, ಯಾರೂ ಕಾಣದ ಕಣಗಳು ಇನ್ನೂ ಹಲವು. ಅವುಗಳಲ್ಲಿ ಒಂದು ಆಕ್ಸಿಯಾನ್. ನಾವು ಹುಡುಕುತ್ತಿರುವುದು ಅದನ್ನು. ನಿಮಗೆ ನಗು ಬರಬಹುದು, ಆ ಹೆಸರು ಅಮೆರಿಕದ ಒಂದು ಬಟ್ಟೆ ಒಗೆಯುವ ಪುಡಿಯದು. ಸಿದ್ಧಾಂತದಲ್ಲಿ ಉಳಿದಿದ್ದ ಒಂದು ಕಲೆಯನ್ನು ಈ ಕಣ ತೊಳೆದುಹಾಕುತ್ತದೆ ಎಂದು ಹಾಗೆ ಕರೆದರು.

ನೀವು ಒಂದು ಸಾಲು ಬರೆದರೂ ಸಾಕು.

ಕಾಯುತ್ತಿರುವ,
ರೇಣು


ಪುಣೆ
22 ಸೆಪ್ಟೆಂಬರ್ 2024

ರೇಣು,

ಕಾಗದ ಮುಟ್ಟಿತು. ಒಗೆಯುವ ಪುಡಿಯ ಹೆಸರನ್ನು ಸೃಷ್ಟಿಯ ವಸ್ತುವಿಗೆ ಇಟ್ಟವರು ಓದಿದವರು ಹೌದೋ ಅಲ್ಲವೋ ಮೊದಲು ವಿಚಾರಿಸು.

ಆ ದಿನ ನನಗೆ ನಿದ್ದೆ ಹತ್ತಿತ್ತು.

ನೀನು ಹಟ ಮಾಡಿದ್ದು ನೆನಪಿದೆ. ಅದರ ಬಗ್ಗೆ ನಾನು ಬರೆಯುವುದಿಲ್ಲ. ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟಿದ್ದಾರೆ. ಗುಂಡಿ ಒತ್ತಿ ಗಂಟಲಿಗೆ ಹಿಡಿದು ತುಟಿ ಆಡಿಸಿದರೆ ಮಾತು ಬರುತ್ತದೆ. ಹಿಟ್ಟಿನ ಗಿರಣಿಯೊಳಗೆ ಕುಳಿತು ಯಾರೋ ಬಿಕ್ಕಳಿಸಿದಂತೆ ಇರುತ್ತದೆ. ಅದು ಈ ಚನ್ನವೀರನ ದನಿ ಎಂದು ನಾನು ಯಾರಿಗೆ ಹೇಳಲಿ? ಅಂಗಡಿಗೆ ಮಾಂತು ಹೋಗುತ್ತಾನೆ. ಅವನು ಗಿರಾಕಿಗೆ ನಾಲ್ಕು ಸೀರೆ ತೋರಿಸಿ ಸುಮ್ಮನೆ ನಿಲ್ಲುವವನು.

ಹದಿನೇಳು ಸಿಕ್ಕಿವೆ ಅಂದೆ. ಅಷ್ಟಿದ್ದ ಮೇಲೆ ಇನ್ನೊಂದು ಯಾತಕ್ಕೆ ಬೇಕು?

ಅಪ್ಪ


ಭೋರ್
6 ಅಕ್ಟೋಬರ್ 2024

ಅಪ್ಪಾ,

ನಿಮ್ಮ ಕಾಗದ ಬಂದ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಬೈದಿದ್ದರೂ ನಿಮ್ಮದೇ ಬೈಗುಳ.

ಇನ್ನೊಂದು ಯಾತಕ್ಕೆ ಬೇಕು ಅಂದರೆ, ಆ ಹದಿನೇಳರಿಂದ ಲೋಕ ಪೂರ್ತಿ ಆಗುವುದಿಲ್ಲ. ನಕ್ಷತ್ರಗಳ ಗುಂಪುಗಳು ತಿರುಗುವ ವೇಗ ನೋಡಿದರೆ, ಕಾಣದ ಯಾವುದೋ ವಸ್ತು ಅವನ್ನು ಚದುರಿಹೋಗದಂತೆ ಹಿಡಿದಿಟ್ಟಿದೆ. ಕಾಣುವುದಕ್ಕಿಂತ ಆ ಕಾಣದ್ದೇ ಹೆಚ್ಚು. ಅದು ಆಕ್ಸಿಯಾನ್ ಇರಬಹುದು. ಇದ್ದರೆ ಈಗ, ನೀವು ಇದನ್ನು ಓದುವಾಗ, ನಿಮ್ಮ ಅಂಗೈಯ ಮೂಲಕವೂ ಹಾದುಹೋಗುತ್ತಿರುತ್ತದೆ.

ಅದನ್ನು ಹಿಡಿಯುವುದಕ್ಕೆ ನಮ್ಮಲ್ಲಿ ಒಂದು ತಾಮ್ರದ ಪಾತ್ರೆ ಇದೆ, ಹಂಡೆಯಷ್ಟು ದೊಡ್ಡದು. ಅದನ್ನು ಬಹಳ ಬಲವಾದ ಅಯಸ್ಕಾಂತದೊಳಗೆ ಇಳಿಸಿ, ಊಹೆಗೂ ಸಿಗದಷ್ಟು ತಣ್ಣಗೆ ಮಾಡುತ್ತೇವೆ. ಅಯಸ್ಕಾಂತದೊಳಗೆ ಆಕ್ಸಿಯಾನ್ ಬಂದರೆ ಅಪರೂಪಕ್ಕೊಮ್ಮೆ ರೇಡಿಯೋ ತರಂಗವಾಗಿ ಬದಲಾಗುತ್ತದಂತೆ. ಯಾವ ಸ್ಟೇಷನ್ನಿನಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಹಳೆಯ ರೇಡಿಯೋದ ಗುಂಡಿ ತಿರುಗಿಸಿದ ಹಾಗೆ ಕೂದಲೆಳೆಯಷ್ಟು ತಿರುಗಿಸುವುದು, ಕೇಳುವುದು, ಮತ್ತೆ ತಿರುಗಿಸುವುದು. ನನ್ನ ಕೆಲಸ ಇಷ್ಟೇ. ನ್ಯೂಟ್ರಿನೋ ಎಂಬ ಕಣ ಕಾಗದದ ಮೇಲೆ ಹುಟ್ಟಿದ ಮೇಲೆ ನಿಜವಾಗಿ ಸಿಗುವುದಕ್ಕೆ ಕಾಲು ಶತಮಾನ ಹಿಡಿಯಿತು. ಹಿಗ್ಸ್ ಎಂಬುದಕ್ಕೆ ಹೆಚ್ಚುಕಡಿಮೆ ಅರ್ಧ ಶತಮಾನ. ನಮ್ಮ ಮುಖ್ಯಸ್ಥರು ಶ್ರೀಕಂಠಯ್ಯನವರು, ಮೈಸೂರಿನವರು. ಯಾರಾದರೂ ಬೇಸರಪಟ್ಟರೆ, “ಇವತ್ತು ಇಲ್ಲಿ ಇಲ್ಲ ಅಂತ ಗೊತ್ತಾಯ್ತಲ್ಲಮ್ಮ, ಅದೂ ಒಂದು ಸುದ್ದಿನೇ” ಅನ್ನುತ್ತಾರೆ.

ಈಗ ನನ್ನದೊಂದು ಬೇಡಿಕೆ. ಮಗರಪಟ್ಟಾದಲ್ಲಿ ನಿಮ್ಮಂತೆಯೇ ಆಪರೇಷನ್ ಆದವರು ಶನಿವಾರಗಳಂದು ಸೇರುತ್ತಾರೆ. ಕಲಿಸುವವರು ಕಾಂತಪ್ಪ ಎಂದು, ಇಂಡಿ ಕಡೆಯವರು, ಪುಣೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರಿಗೂ ಧ್ವನಿಪೆಟ್ಟಿಗೆ ಇಲ್ಲ, ಆದರೂ ಯಂತ್ರವಿಲ್ಲದೆ ಮಾತಾಡುತ್ತಾರೆ. ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು, ತೇಗಿನ ಹಾಗೆ ಹೊರಬಿಟ್ಟು, ಅದರಲ್ಲೇ ಮಾತು ಕಟ್ಟುತ್ತಾರೆ. ಒಮ್ಮೆ ಹೋಗಿ ನೋಡಿ.

ನಿಮ್ಮ,
ರೇಣು


ಪುಣೆ
12 ನವೆಂಬರ್ 2024

ರೇಣವ್ವಾ,

ನಾನು ಪಾರವ್ವ, ನಿನ್ನ ಅವ್ವ, ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅವರ ಕಿವಿಗೆ ಬೀಳುತ್ತದೆ, ಅದಕ್ಕೇ ಕಾಗದ. ಇದಕ್ಕೆ ಉತ್ತರ ಬರೆಯಬೇಡ, ಅವರ ಕೈಗೆ ಸಿಕ್ಕೀತು.

ದೀಪಾವಳಿಯ ಹೊತ್ತಿಗೆ ನಿಮ್ಮಪ್ಪನಿಗೆ ಏನನ್ನಿಸಿತೋ, ಇಸ್ತ್ರಿ ಅಂಗಿ ಹಾಕಿ, ಕುತ್ತಿಗೆಗೆ ಶಲ್ಯ ಸುತ್ತಿಕೊಂಡು, ಆ ಯಂತ್ರ ಹಿಡಿದು ಅಂಗಡಿಗೆ ಹೋದರು. ನನಗೆ ಭಾಳ ಖುಷಿಯಾಯಿತು. ನಮ್ಮ ಹಳೆಯ ಗಿರಾಕಿ ಅಂಬಾಬಾಯಿ ಬಂದಳಂತೆ, ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು. ನಿಮ್ಮಪ್ಪ ಯಂತ್ರ ಗಂಟಲಿಗೆ ಹಿಡಿದು “ಯಾ ತಾಯಿ” ಅಂದರು. ಆ ಸಣ್ಣ ಹುಡುಗಿ ಚಿಟ್ಟನೆ ಚೀರಿ ಅಜ್ಜಿಯ ಸೆರಗಿನಲ್ಲಿ ಹೊಕ್ಕಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಬಾಬಾಯಿ ಒಳ್ಳೆಯವಳು, ಕಣ್ಣೀರು ಹಾಕಿದಳು. ಅದು ಇನ್ನೂ ಕೆಟ್ಟದ್ದಾಯಿತು.

ಅವರು ಮನೆಗೆ ಬಂದು ಯಂತ್ರವನ್ನು ಕಪಾಟಿನ ಮೇಲೆ ಇಟ್ಟರು. ಅವತ್ತಿನಿಂದ ಅದು ಅಲ್ಲೇ ಇದೆ. ನೀನು ಹೇಳಿದ ಆ ಕಾಂತಪ್ಪನವರ ಹತ್ತಿರವೂ ಹೋಗಿಲ್ಲ. ನಾನು “ಹೋಗೂಣ ನಡ್ರಿ, ನಾನೂ ಬರ್ತೀನಿ” ಅಂದರೆ ಪಾಟಿಯ ಮೇಲೆ “ಯಾರಿಗೆ?” ಎಂದು ಬರೆದು ತೋರಿಸಿದರು. ಯಾರಿಗಾಗಿ ಮಾತಾಡಲಿ ಎಂದೋ, ಯಾರಿಗೆ ಬೇಕು ಎಂದೋ, ನನಗೆ ತಿಳಿಯಲಿಲ್ಲ. ನಾನು ಇದ್ದೇನಲ್ಲ ಎಂದು ಹೇಳಬೇಕಾಗಿತ್ತು. ಅನ್ನಕ್ಕಿಟ್ಟಿದ್ದೆ, ಒಳಗೆ ಹೋದೆ.

ನಿನ್ನ ಕಾಗದಗಳನ್ನು ಮಾತ್ರ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದಾರೆ. ಬರೆಯುವುದು ಬಿಡಬೇಡ. ಏನಾದರೂ ಒಳ್ಳೆಯದು ಬರಿ.

ಅವ್ವ


ಭೋರ್
14 ಜನವರಿ 2025

ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯಬೇಕೋ ತೋಚಲಿಲ್ಲ. ಈಗ ಬರೆಯದೆ ಇರಲು ಆಗುತ್ತಿಲ್ಲ.

ನಮಗೆ ಏನೋ ಕೇಳಿಸಿದೆ.

ಗುಂಡಿ ತಿರುಗಿಸುತ್ತ ಹೋಗುವಾಗ ಒಂದು ಕಡೆ ಯಂತ್ರದಲ್ಲಿ ಸದಾ ಇರುವ ಗದ್ದಲದ ಮೇಲೆ ಸಣ್ಣ ಏರು ಕಂಡಿತು. ಅಂಥ ಏರುಗಳು ದಿನವೂ ಬರುತ್ತವೆ, ಮತ್ತೆ ಕೇಳಿದರೆ ಇರುವುದಿಲ್ಲ. ಇದು ಇತ್ತು. ಮೂರನೆಯ ಸಲ ಕೇಳಿದೆವು, ಆಗಲೂ ಇತ್ತು. ನಾನೂ ನನ್ನ ಜೊತೆಯ ಅಭಿಲಾಷನೂ ಹೊರಗಿನ ಯಾವ ಯಂತ್ರದ್ದಾದರೂ ಸದ್ದೇ ಎಂದು ಒಂದೊಂದನ್ನೂ ಬಂದ್ ಮಾಡಿ ನೋಡಿದೆವು. ಅದು ಅಲುಗಲಿಲ್ಲ. ಆಕಾರವೂ ಆಕ್ಸಿಯಾನಿಗೆ ಇರಬೇಕಾದ ಆಕಾರವೇ. ಗುರುತು ಹಿಡಿದವಳು ನಾನು, ಅಪ್ಪಾ. ನಿಮ್ಮ ಮಗಳು.

ಶ್ರೀಕಂಠಯ್ಯನವರು, “ಇನ್ನೂ ಪರೀಕ್ಷೆಗಳಿವೆ, ಪೇಢೆ ಆಮೇಲೆ ತರಿಸೋಣ” ಅಂದರು. ಕೊನೆಯ ಪರೀಕ್ಷೆಯಲ್ಲಿ ಅಯಸ್ಕಾಂತದ ಬಲ ಇಳಿಸುತ್ತೇವೆ. ಜೊತೆಗೆ ಆ ಸದ್ದೂ ತಕ್ಕಷ್ಟು ಇಳಿದರೆ ಅದು ಆಕ್ಸಿಯಾನ್, ಇಳಿಯದಿದ್ದರೆ ಅಲ್ಲ. ಅದಕ್ಕೆ ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಹೊರಗೆ ಬಾಯಿಬಿಡುವಂತಿಲ್ಲ. ನಿಮಗೆ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಹೇಳಿದ ಮೇಲೂ ಸೇರುತ್ತದೆಯೋ ಇಲ್ಲವೋ.

ರೇಣು


ಪುಣೆ
27 ಜನವರಿ 2025

ನನ್ನ ರೇಣುವಿಗೆ,

ಕಾಗದವನ್ನು ಅವ್ವನಿಗೆ ಓದಲು ಕೊಟ್ಟೆ. ಅವಳು ದೇವರ ಮುಂದೆ ದೀಪ ಹಚ್ಚಿ, “ಸಿಕ್ಕಿದ್ದು ಏನು ಅಂತ ತಿಳೀಲಿಲ್ಲ, ಸಿಕ್ತಲ್ಲ, ಸಾಕು” ಅಂದಳು.

ಸಂಕ್ರಾಂತಿಗೆ ಓಣಿಯವರೆಲ್ಲ ಎಳ್ಳುಂಡೆ ತಂದುಕೊಟ್ಟು, ವರ್ಷದ ರೂಢಿಯಂತೆ “ಗೋಡ ಗೋಡ ಬೋಲಾ” ಅಂದರು. ಸಿಹಿಯಾಗಿ ಮಾತಾಡಿ ಎಂದು. ಅಂದವರೇ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಆಗ ನಾನು ಒಳಗೆ ಹೋಗಿ ಕದ ಹಾಕಿಕೊಂಡೆ. ನಿನ್ನ ಕಾಗದ ಬಂದದ್ದು ಅದರ ಮರು ವಾರ. ಆಗ ನನಗೆ ಒಂದು ಯೋಚನೆ ಬಂತು. ಈ ಕಣ ಸಿಕ್ಕದ್ದು ಲೋಕಕ್ಕೆ ತಿಳಿಯುವ ದಿನ ರವಿವಾರ ಪೇಠೆಯಲ್ಲಿ ಸುದ್ದಿ ಹೇಳುವವರು ಯಾರು? ಮಾಂತುವೇ? ಅವನು ಹೇಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಮೊನ್ನೆ ಶನಿವಾರ ಕಾಂತಪ್ಪನವರ ಹತ್ತಿರ ಹೋದೆ. ಅವರ ದನಿ ಒರಟು, ಸಣ್ಣದು, ಆದರೆ ಮನುಷ್ಯನ ದನಿ. “ನಾಚಿಕಿ ಬಿಟ್ಟು ತೇಗ್ರಿ ಚನ್ನವೀರಪ್ಪ, ಮದಲ ಅದು” ಅಂದರು. ಮೊದಲು ಪ, ಟ, ಕ ಇವನ್ನೇ ಹೇಳಿಸುತ್ತಾರೆ, ಅವುಗಳಿಂದ ಗಾಳಿ ಒಳಗೆ ಹೋಗುವುದು ಸುಲಭವಂತೆ. ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತು “ಪಾ, ಪಾ” ಎಂದು ಹೆಣಗಾಡುತ್ತಿದ್ದೆ. ನಿನ್ನೆ ಒಂದು ಸಲ ಅದು ನಿಜವಾಗಿ ಹೊರಗೆ ಬಂತು. ಅಡುಗೆಮನೆಯಿಂದ ಅವ್ವ ಕೈ ಒರೆಸಿಕೊಳ್ಳುತ್ತ ಓಡಿ ಬಂದು, “ಕರದ್ರೇನ್ರಿ?” ಅಂದಳು. ಪಾರೂ ಎಂದು ಕರೆದೆ ಅಂದುಕೊಂಡಿದ್ದಳು. ನಾನು ಅಕ್ಷರ ಕಲಿಯುತ್ತಿದ್ದೆ ಅಷ್ಟೆ. ಆದರೆ ಹೌದೆಂದು ತಲೆ ಆಡಿಸಿದೆ.

ನೀನು ಆ ಅಯಸ್ಕಾಂತವನ್ನು ನಿಧಾನವಾಗಿ ಇಳಿಸು. ಅವಸರ ಮಾಡಬೇಡ. ನನಗೂ ಆಕ್ಸಿಯಾನ್ ಅನ್ನುವುದಕ್ಕೆ ಇನ್ನೂ ಸ್ವಲ್ಪ ದಿನ ಬೇಕು.

ಹೆಮ್ಮೆಯಿಂದ,
ಅಪ್ಪ


ಭೋರ್
23 ಫೆಬ್ರವರಿ 2025

ಅಪ್ಪಾ,

ಈ ಕಾಗದವನ್ನು ಹಲವು ಸಲ ಬರೆದು ಹರಿದಿದ್ದೇನೆ. ನೀವು ಪೂರ್ತಿ ಕಲಿಯುವವರೆಗೆ ಹೇಳದೆ ಇದ್ದುಬಿಡಲೇ ಎಂದೂ ಯೋಚಿಸಿದೆ. ಆದರೆ ನಿಮಗೆ ಸುಳ್ಳು ಬರೆಯಲಾರೆ.

ಅದು ಆಕ್ಸಿಯಾನ್ ಅಲ್ಲ.

ಅಯಸ್ಕಾಂತ ಇಳಿಸಲು ಎಲ್ಲ ಸಿದ್ಧವಾಗಿತ್ತು. ಆಗ ಶ್ರೀಕಂಠಯ್ಯನವರು ಎಲ್ಲರನ್ನೂ ಕೂಡಿಸಿ, “ಇಳಿಸೋಕೆ ಮುಂಚೆ ಅಭಿಲಾಷ ಒಂದು ಮಾತು ಹೇಳಬೇಕು” ಅಂದರು. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ನಾವು ಸರಿಯಾಗಿ ಕೇಳುತ್ತಿದ್ದೇವೋ ಇಲ್ಲವೋ ಎಂದು ಪರೀಕ್ಷಿಸಲು, ನಮ್ಮಲ್ಲೇ ಒಬ್ಬರು ಯಾರಿಗೂ ತಿಳಿಸದೆ ಆಕ್ಸಿಯಾನಿನಂಥದೇ ಹುಸಿ ಸದ್ದನ್ನು ಯಂತ್ರದೊಳಗೆ ಬಿಡಬಹುದು. ಅವರು ಯಾರು ಎಂಬುದು ಮುಖ್ಯಸ್ಥರಿಗೆ ಮಾತ್ರ, ಯಾವಾಗ, ಎಲ್ಲಿ ಎಂಬುದು ಆ ಒಬ್ಬರಿಗೆ ಮಾತ್ರ ಗೊತ್ತು. ಈ ನಿಯಮಕ್ಕೆ ನಾನೂ ಒಪ್ಪಿದ್ದವಳೇ. ಸದ್ದು ಕೇಳಿಸಿದ ಮೇಲೆ ಅದನ್ನು ಮನಸ್ಸಿನಿಂದ ಆಚೆ ತಳ್ಳಿಬಿಟ್ಟಿದ್ದೆ.

ಅಭಿಲಾಷ ಎದ್ದು ನಿಂತು ತಲೆ ತಗ್ಗಿಸಿ, “ಅದು ನಾನ್ ಹಾಕಿದ್ದು” ಅಂದ. ಇಷ್ಟು ದಿನ ನನ್ನ ಪಕ್ಕದಲ್ಲೇ ಕುಳಿತು, ನನ್ನ ಜೊತೆಯೇ ಚಹಾ ಕುಡಿದು, ಒಂದೊಂದು ಯಂತ್ರವನ್ನು ಆರಿಸುವಾಗ ನನ್ನ ಜೊತೆಯೇ ಓಡಾಡಿದವನು. ನಾನು ಎದ್ದು ಹೊರಗೆ ಹೋದೆ. ಅವನು ಹಿಂದೆಯೇ ಬಂದು, “ಸಾರಿ ಕಣ್ರೀ ರೇಣು. ನಿಮ್ಮ ಮುಖ ನೋಡಿದಾಗೆಲ್ಲ ಹೇಳ್ಬಿಡೋಣ ಅನ್ಸೋದು. ಹೇಳಿದ್ರೆ ಟೆಸ್ಟೇ ವೇಸ್ಟಾಗೋದು” ಅಂದ. ಅವನ ತಪ್ಪೇನೂ ಇಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು.

ಸಂಜೆ ಶ್ರೀಕಂಠಯ್ಯನವರು ಬಂದು ಪಕ್ಕದಲ್ಲಿ ಕುಳಿತರು. “ಅಷ್ಟು ಸಣ್ಣ ಸದ್ದನ್ನ ಅಷ್ಟು ಗದ್ದಲದಲ್ಲಿ ಹಿಡಿದೆಯಲ್ಲಮ್ಮ. ನಾಳೆ ನಿಜವಾದದ್ದು ಬಂದ್ರೆ ನಮ್ಮ ಕೈ ತಪ್ಪಲ್ಲ ಅಂತ ಈಗ ನನಗೆ ಧೈರ್ಯ ಬಂತು” ಅಂದರು. ಅವರ ಮಾತು ನಿಜ ಎಂದು ನನ್ನ ತಲೆಗೆ ಗೊತ್ತು. ಈ ಕಾಗದ ಓದಿ ನೀವು ಶನಿವಾರ ಮನೆಯಲ್ಲೇ ಉಳಿದುಬಿಟ್ಟರೆ ಎಂಬುದೇ ನನ್ನ ಹೆದರಿಕೆ. ಪೇಠೆಯಲ್ಲಿ ಹೇಳುವುದಕ್ಕೆ ಈಗ ನನ್ನ ಬಳಿ ಏನೂ ಇಲ್ಲ, ಅಪ್ಪಾ.

ರೇಣು


ಪುಣೆ
9 ಮಾರ್ಚ್ 2025

ರೇಣು,

ಆ ಅಭಿಲಾಷ ಎಂಬುವನನ್ನು ನಾನು ಒಮ್ಮೆ ನೋಡಬೇಕು.

ನಿನ್ನ ಕಾಗದ ಶುಕ್ರವಾರ ಬಂತು. ಸಿಟ್ಟು ಬಂದದ್ದು ನಿಜ. ಶನಿವಾರ ಹೋಗಬಾರದು ಎಂದು ಕುಳಿತದ್ದೂ ನಿಜ. ಆದರೆ ಒಂದು ಪೇಚಿನಲ್ಲಿ ಸಿಕ್ಕಿಕೊಂಡಿದ್ದೆ. ಹೊರಗೆ ಬಾಯಿಬಿಡಬೇಡಿ ಎಂದು ನೀನು ಬರೆದಿದ್ದೆ. ನಾನು ಕಾಂತಪ್ಪನವರಲ್ಲಿ ಸೇರುವವರಿಗೆ ಪಾಟಿಯ ಮೇಲೆ ಬರೆದು ಹೇಳಿಬಿಟ್ಟಿದ್ದೆ. ಬಾಯಿಲ್ಲದವರಿಗೆ ಹೇಳಿದರೆ ಹೊರಗೆ ಹೋಗುವುದಿಲ್ಲ ಎಂದು ಧೈರ್ಯ. ಈಗ ಹೋಗಿ ಸಿಕ್ಕಿಲ್ಲ ಎಂದು ಹೇಳಲೇಬೇಕಾಗಿತ್ತು.

ಹೋದೆ. ಪಾಟಿ ಒಯ್ಯಲಿಲ್ಲ. ಎದ್ದು ನಿಂತು, ಗಾಳಿ ಎಳೆದುಕೊಂಡು, “ಕಣ... ಖೋಟಾ” ಅಂದೆ. ನಾನು ಎರಡು ಪದ ಕೂಡಿಸಿ ಆಡಿದ್ದು ಅದೇ ಮೊದಲು. ಕಾಂತಪ್ಪನವರು, “ಏನಂದ್ರಿ? ಮತ್ತೊಮ್ಮೆ ಅನ್ರಿ” ಅಂದರು. ಮತ್ತೊಮ್ಮೆ ಅಂದೆ. ಅವರು ನಗಲು ಶುರು ಮಾಡಿದರು, ಆಮೇಲೆ ಎಲ್ಲರೂ. ನೀನು ನೋಡಬೇಕಾಗಿತ್ತು. ನಮಗೆ ನಕ್ಕರೆ ಸದ್ದು ಬರುವುದಿಲ್ಲ. ಕೋಣೆ ತುಂಬ ಜನ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಒಂದು ಚೂರೂ ಸದ್ದಿಲ್ಲದೆ ನಗುತ್ತಿದ್ದೆವು. ಚಹಾ ತಂದವಳು ಬಾಗಿಲಲ್ಲೇ ಗಾಬರಿಯಾಗಿ ನಿಂತಳು.

ಆಪರೇಷನ್ ಆದ ಮೇಲೆ ನಾನು ನಕ್ಕಿರಲಿಲ್ಲ. ನಗಲು ಬರುತ್ತದೆ ಎಂದೇ ಗೊತ್ತಿರಲಿಲ್ಲ.

ಈ ವಾರ ಕಾಪಡ, ಪಾತಳ, ಪಟಕಾ, ಹೀಗೆ ಪ, ಟ, ಕ ಇರುವ ಬಟ್ಟೆಯ ಹೆಸರುಗಳೆಲ್ಲ ಬಾಯಿಗೆ ಬಂದಿವೆ. ಬಟ್ಟೆ ಅಂಗಡಿಯವನಿಗೆ ಇಷ್ಟು ಬಂದರೆ ಅರ್ಧ ವ್ಯಾಪಾರ ಬಂದಂತೆ. ಆಕ್ಸಿಯಾನ್ ಬರುತ್ತಿಲ್ಲ, ಕಠಿಣ. ನಿನಗೂ ಕಠಿಣ, ನನಗೂ ಕಠಿಣ. ಇರಲಿ.

ಊಟ ಮಾಡು.

ಅಪ್ಪ


ಭೋರ್
21 ಏಪ್ರಿಲ್ 2025

ಅವ್ವಾ,

ನಿನ್ನೆ ಅಪ್ಪ ಇಲ್ಲಿಗೆ ಬಂದಿದ್ದರು. “ಹೇಳದ ಕೇಳದ ಹೋಗ್ಯಾರ, ಬಂದು ಹೊಟ್ಟಿ ತುಂಬ ಉಂಡು ಮಲಗ್ಯಾರ, ಏನ್ ನಡೀತು ಅಲ್ಲೆ?” ಎಂದು ನೀನು ರಾತ್ರಿ ಆಫೀಸಿನ ಫೋನಿನಲ್ಲಿ ಕೇಳಿದೆ. ಸುತ್ತ ಜನ ಇದ್ದರು, ಹೇಳಲಾಗಲಿಲ್ಲ.

ಸ್ವಾರಗೇಟದಿಂದ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಕಂಡಕ್ಟರ್ “ಕುಠೆ?” ಅಂದನಂತೆ, ಇವರು “ಭೋರ್” ಅಂದರಂತೆ. ಅವನು ತಲೆ ಎತ್ತಿ ನೋಡಲೂ ಇಲ್ಲ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದನಂತೆ. ಇದನ್ನು ನನಗೆ ತಡೆತಡೆದು ಹೇಳಿದರು. ಅವನು ತಲೆ ಎತ್ತಿ ನೋಡಲಿಲ್ಲ ಎಂಬುದನ್ನು ಮಾತ್ರ ಮತ್ತೆ ಹೇಳಿದರು.

ಈಗ ಯಂತ್ರ ಬಿಚ್ಚಿದ್ದೇವೆ, ತಾಮ್ರದ ಪಾತ್ರೆ ಹೊರಗಿದೆ. ಅಪ್ಪ ಅದರ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿದರು, ಅಂಗಡಿಯಲ್ಲಿ ಸೀರೆಯ ನೇಯ್ಗೆಯ ಪೋತ ನೋಡುವ ಹಾಗೆ. ಅಭಿಲಾಷ ದೂರದ ಬಾಗಿಲ ಹತ್ತಿರ ನಿಂತಿದ್ದ. ಅಪ್ಪ ಅವನತ್ತ ಬೆರಳು ಮಾಡಿ, “ಇವನ... ಏನು... ಖೋಟಾ?” ಅಂದರು.

“ಹೌದು ಅಂಕಲ್. ಸಾರಿ. ಅದು ನನ್ನ ಡ್ಯೂಟಿ ಆಗಿತ್ತು,” ಎಂದು ಅಭಿಲಾಷ ಹತ್ತಿರ ಬಂದ.

ಅಪ್ಪ ಅವನ ಭುಜ ಹಿಡಿದು ನಗಲು ಶುರು ಮಾಡಿದರು. ಸದ್ದಿಲ್ಲ, ಮೈ ಮಾತ್ರ ಅಲುಗುತ್ತಿತ್ತು. ಉಸಿರು ಕಟ್ಟಿತು ಎಂದುಕೊಂಡು ಅಭಿಲಾಷ ನೀರು ತರಲು ಓಡಿದ. ನಾನೂ ನಕ್ಕೆ. ಅವನ ಜೊತೆ ನಾನು ಸರಿಯಾಗಿ ಮಾತಾಡಿದ್ದು ಆಮೇಲೆಯೇ. ಮೂವರೂ ಕ್ಯಾಂಟೀನಿನಲ್ಲಿ ಕುಳಿತು ಉಂಡೆವು.

ಬಸ್ ನಿಲ್ದಾಣಕ್ಕೆ ನಡೆಯುತ್ತ ಅಪ್ಪ, “ಮುಂದ?” ಅಂದರು. ನಾಳೆಯಿಂದ ಯಂತ್ರ ಮತ್ತೆ ಜೋಡಿಸುತ್ತೇವೆ, ಇನ್ನೂ ಯಾರೂ ಕೇಳಿರದ ಕಡೆ ಗುಂಡಿ ತಿರುಗಿಸುತ್ತೇವೆ ಅಂದೆ.

“ಸಿಗತದೇನು?”

“ಗೊತ್ತಿಲ್ಲ ಅಪ್ಪಾ. ಅದು ಇಲ್ಲವೇ ಇಲ್ಲದಿರಬಹುದು. ಇದ್ದು ಸಿಗದಿರಬಹುದು. ಸಿಕ್ಕರೂ ಸಿಗಬಹುದು.”

“ಹುಡುಕು,” ಅಂದರು. ನಿಲ್ದಾಣದ ಹತ್ತಿರ ಬಂದಾಗ, “ನಾಳಿಂದ... ಅಂಗಡಿ,” ಅಂದರು. ಅಂದರೆ ಅವರೂ ಇಂದು ಹೋಗಿರಬೇಕು. ಅಂಬಾಬಾಯಿ ಮತ್ತೆ ಬರುವಾಗ ಮೊಮ್ಮಗಳನ್ನೂ ಕರೆತರಲಿ ಎಂದು ಮಾಂತು ಅಣ್ಣನಿಗೆ ಹೇಳು.

ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತರು. ಎಂಜಿನ್ ಶುರುವಾಗಿತ್ತು. ನಾನು ಕೆಳಗೆ ನಿಂತಿದ್ದೆ. ಕುತ್ತಿಗೆಯ ಶಲ್ಯ ಸರಿಮಾಡಿಕೊಂಡು, ಗಾಳಿ ಎಳೆದುಕೊಂಡು, ನನ್ನ ಮುಖ ನೋಡುತ್ತ, “ಆಪರೇಷನ್... ಮಾಡಿಸಿದ್ದು... ಚಲೋ ಆತು,” ಅಂದರು.

ಬಸ್ಸಿನ ಸದ್ದಿಗೆ ಕೇಳಲಿಲ್ಲ ಅಂದೆ. ಅವರು ಕಿಟಕಿಯಿಂದ ಇನ್ನಷ್ಟು ಬಾಗಿ, ಮತ್ತೆ ಗಾಳಿ ಎಳೆದುಕೊಂಡು, ಇಡೀ ಮಾತನ್ನು ಮೊದಲಿನಿಂದ ಹೇಳಿದರು.

ಮೊದಲ ಸಲವೇ ಕೇಳಿತ್ತು, ಅವ್ವಾ.

ನಿನ್ನ ಮಗಳು,
ರೇಣು